ಸೊನ್ನೆಯಷ್ಟು ರಂಧ್ರ

ಕನ್ನಡ ಪಾಠ ಹೇಳಿ ಕಾಲ ಕಳೆಯುವ ನನ್ನಂಥವನಿಗೂ ಯುದ್ಧನೌಕೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವೇನೂ ಇರಲಿಲ್ಲ, ನಿಜ. ಆದರೆ ವಿದ್ಯಾರ್ಥಿಗಳೊಡನೆ ಪ್ರವಾಸ ಹೋಗಿದ್ದಾಗ ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರದಲ್ಲಿ ‘ಕುರ್ಸುರಾ’ ಎಂಬ ಜಲಾಂತರ್ಗಾಮಿ ನೌಕೆಯ ಒಡಲನ್ನು ಹೊಕ್ಕು ಹೊರಬಂದೆ. ಅಂದಿನಿಂದ ಅದರ ಒಂದು ಬಾಗಿಲು ನನ್ನ ಮನಸ್ಸನ್ನು ಬಿಟ್ಟು ಕದಲಿಲ್ಲ.

ಸೋವಿಯತ್ ದೇಶದಲ್ಲಿ ನಿರ್ಮಿತವಾದ ಈ ನೌಕೆ 1969ರ ಡಿಸೆಂಬರಿನಲ್ಲಿ ನಮ್ಮ ನೌಕಾದಳವನ್ನು ಸೇರಿತು. 2001ರಲ್ಲಿ ನಿವೃತ್ತವಾಗಿ, ಮರುವರ್ಷ ದಡದ ಮರಳಿನ ಮೇಲೆ ವಸ್ತುಸಂಗ್ರಹಾಲಯವಾಗಿ ನೆಲಸಿತು. ಉದ್ದ ಸುಮಾರು 91 ಮೀಟರು. ನೀರಿನ ಮೇಲೆ ಚಲಿಸುವಾಗ ಡೀಸೆಲ್ ಯಂತ್ರಗಳು ಬ್ಯಾಟರಿಗಳಿಗೆ ವಿದ್ಯುತ್ತನ್ನು ತುಂಬುವುವು. ಮುಳುಗಿದ ಮೇಲೆ ಆ ಸಂಗ್ರಹವೇ ನೌಕೆಯ ಜೀವಾಳ. ಇದರ ಆಯುಧ ಟಾರ್ಪಿಡೊ. ಅದನ್ನು ಎಸೆಯಲು ಮೂತಿಯಲ್ಲಿ 6, ಹಿಂಬದಿಯಲ್ಲಿ 4, ಒಟ್ಟು 10 ಕೊಳವೆಗಳಿವೆ. ಒಂದೊಂದರ ವ್ಯಾಸ 533 ಮಿಲಿಮೀಟರು.

‘ಟಾರ್ಪಿಡೊ’ ಎಂಬುದು ಮೂಲತಃ ಒಂದು ಮೀನಿನ ಹೆಸರು. ಮುಟ್ಟಿದವರ ಕೈಗೆ ಜೋಮು ಹಿಡಿಸುವ ವಿದ್ಯುತ್ ಮೀನಿಗೆ, ಮರಗಟ್ಟುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಹೆಸರು ಅದು. ಮೊದಲು ನೀರಡಿಯ ಸಿಡಿಗುಂಡುಗಳಿಗೆ ಸಂದ ಈ ಪದ, ಬಳಿಕ ರಾಬರ್ಟ್ ವೈಟ್‌ಹೆಡ್ ಎಂಬ ಆಂಗ್ಲ ಇಂಜಿನಿಯರನು 1866ರಲ್ಲಿ ಏಡ್ರಿಯಾಟಿಕ್ ತೀರದ ಫ್ಯೂಮೆ ನಗರದಲ್ಲಿ ರೂಪಿಸಿದ, ನೀರೊಳಗೆ ತಾನಾಗಿ ಈಜಿಹೋಗುವ ಅಸ್ತ್ರಕ್ಕೆ ಅಂಟಿಕೊಂಡಿತು.

ಅಸ್ತ್ರಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊಳವೆ. ಅದಕ್ಕೆ ಎರಡು ಬಾಗಿಲು: ಒಂದು ನಾವಿಕರ ಕಡೆಗೆ, ಇನ್ನೊಂದು ಸಮುದ್ರದ ಕಡೆಗೆ. ಒಳಬಾಗಿಲನ್ನು ತೆರೆದು ಟಾರ್ಪಿಡೊವನ್ನು ಸೇರಿಸಿ ಮುಚ್ಚಬೇಕು. ಕೊಳವೆಗೆ ನೀರು ತುಂಬಿಸಿ, ಅದರ ಒತ್ತಡವು ಹೊರಗಿನ ಕಡಲಿನ ಒತ್ತಡಕ್ಕೆ ಸಮವಾದ ಮೇಲೆ ಹೊರಬಾಗಿಲನ್ನು ತೆರೆಯಬೇಕು. ಒತ್ತಿಹಿಡಿದ ಗಾಳಿಯ ಬಲದಿಂದ ಅಸ್ತ್ರ ಹೊರಬೀಳುತ್ತದೆ. ತೆರವಾದ ಜಾಗಕ್ಕೆ ಕೂಡಲೇ ನೀರು ನುಗ್ಗಬೇಕು, ಇಲ್ಲವಾದರೆ ಭಾರ ತಗ್ಗಿದ ಮೂತಿ ಮೇಲೇಳುತ್ತದೆ. ಆಮೇಲೆ ಹೊರಬಾಗಿಲನ್ನು ಮುಚ್ಚಿ, ನೀರನ್ನು ಬಸಿದು, ಮತ್ತೆ ಒಳಬಾಗಿಲು.

“ಎರಡೂ ಬಾಗಿಲು ಒಟ್ಟಿಗೆ ತೆರೆದರೆ ಏನಾಗುತ್ತದೆ, ಸರ್?” ಎಂದು ನಮ್ಮ ಹುಡುಗನೊಬ್ಬ ಕೇಳಿದ. ನಾನು ನೌಕೆ ತೋರಿಸುತ್ತಿದ್ದ ನಿವೃತ್ತ ನಾವಿಕರ ಮುಖ ನೋಡಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಹಾಗೆ ಆಗಕೂಡದು” ಎಂದಷ್ಟೇ ಹಿಂದಿಯಲ್ಲಿ ಹೇಳಿ ಮುಂದೆ ನಡೆದರು.

ಒಮ್ಮೆ ಹಾಗೆ ಆಗಿತ್ತೆಂಬುದು ಊರಿಗೆ ಮರಳಿ ಪುಸ್ತಕಗಳನ್ನು ತಿರುವಿದಾಗ ತಿಳಿಯಿತು. 1939ರ ಜೂನ್ 1ರಂದು ಬ್ರಿಟನ್ನಿನ ಹೊಸ ಜಲಾಂತರ್ಗಾಮಿಯೊಂದು ಲಿವರ್‌ಪೂಲ್ ಕೊಲ್ಲಿಯಲ್ಲಿ ಮುಳುಗುವ ಪರೀಕ್ಷೆಗೆ ಹೊರಟಿತು. ಅದರ ಹೆಸರು ‘ಥೀಟಿಸ್’. ಗ್ರೀಕ್ ಪುರಾಣದಲ್ಲಿ ಅಕಿಲೀಸನ ತಾಯಿಯಾದ ಸಮುದ್ರದೇವತೆ. ಮಗನನ್ನು ನದಿಯಲ್ಲಿ ಅದ್ದಿದಾಗ ಅವಳು ಹಿಡಿದಿದ್ದ ಹಿಮ್ಮಡಿಯೊಂದೇ ನೀರು ಸೋಕದೆ ಉಳಿದು, ಅವನ ಸಾವಿಗೆ ದಾರಿಯಾಯಿತೆಂದು ಕಥೆ. ಈ ನೌಕೆಗೂ ಅಂಥ ಒಂದು ಹಿಮ್ಮಡಿಯಿತ್ತು.

ನೌಕೆ ಹಗುರವಾಗಿದ್ದು ಸುಲಭವಾಗಿ ಮುಳುಗಲಿಲ್ಲ. ಕೊಳವೆಗಳಲ್ಲಿ ನೀರಿದೆಯೋ ಇಲ್ಲವೋ ನೋಡಲು ಅಧಿಕಾರಿಯೊಬ್ಬರು ಹೋದರು. ಇದನ್ನು ಪರೀಕ್ಷಿಸಲು ಒಳಬಾಗಿಲಿನಲ್ಲಿ ಒಂದು ಪುಟ್ಟ ರಂಧ್ರವಿರುತ್ತದೆ. ಸಣ್ಣ ಹಿಡಿಕೆಯನ್ನು ತಿರುಗಿಸಿದರೆ, ಹಿಂದೆ ನೀರಿದ್ದಲ್ಲಿ ಚಿಮ್ಮುತ್ತದೆ. 5ನೆಯ ಕೊಳವೆಯ ಹಿಡಿಕೆ ತಿರುಗಿಸಿದಾಗ ನೀರು ಬರಲಿಲ್ಲ. ಕೊಳವೆ ಬರಿದೆಂದು ಬಗೆದು ಬಾಗಿಲನ್ನು ತೆರೆದರು. ಆದರೆ ಹೊರಬಾಗಿಲು ಆಗಲೇ ಕಡಲಿಗೆ ತೆರೆದುಕೊಂಡಿತ್ತು! ಬಾಗಿಲಿನ ಒಳಮೈಗೆ ಬಳಿದಿದ್ದ ಬಣ್ಣ ಆ ರಂಧ್ರದಲ್ಲಿ ಗಟ್ಟಿಗೊಂಡು, ನೀರಿನ ಸಾಕ್ಷ್ಯವನ್ನು ತಡೆದುಬಿಟ್ಟಿತ್ತು.

ಎರಡು ಕೋಣೆಗಳು ತುಂಬಿ, ನೌಕೆಯ ಮೂತಿ ಸುಮಾರು 150 ಅಡಿ ಆಳದ ಕೆಸರಿಗೆ ನಾಟಿತು. ಮರುದಿನ ಬೆಳಗ್ಗೆ ಅದರ ಬಾಲ ನೀರಿನ ಮೇಲೆ ಕಾಣುತ್ತಿತ್ತು. ಒಳಗಿದ್ದವರು 103 ಮಂದಿ. ನಾವಿಕರಲ್ಲದೆ ನೌಕೆ ಕಟ್ಟಿದ ಕೆಲಸಗಾರರೂ ಇದ್ದರು. ಬಿಡುಗಡೆಯ ಕಿರುಕೋಣೆಯಿಂದ ಮೇಲೆ ಬಂದು ಬದುಕಿದವರು 4 ಮಂದಿ. ಉಳಿದ 99 ಜನ, ತಾವೇ ಉಸಿರಾಡಿ ಕೆಡಿಸಿದ ಗಾಳಿಯಲ್ಲಿ, ದಡ ದೂರವಿಲ್ಲದಿರುವಾಗಲೇ ಅಳಿದರು.

ಮಡಿದವರ ಕುಟುಂಬಗಳು ಹೂಡಿದ ವ್ಯಾಜ್ಯ 1946ರಲ್ಲಿ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಹೊಣೆಗಾರರೆಂದು ಯಾರೂ ತೀರ್ಮಾನವಾಗಲಿಲ್ಲ. ನೌಕೆಯನ್ನು ಮೇಲೆತ್ತಿ ‘ಥಂಡರ್‌ಬೋಲ್ಟ್’ ಎಂದು ಹೆಸರಿಟ್ಟು ಯುದ್ಧಕ್ಕೆ ಕಳುಹಿಸಿದರು. 1943ರಲ್ಲಿ ಅದು ಮೆಡಿಟರೇನಿಯನ್ ಸಮುದ್ರದಲ್ಲಿ ಎಲ್ಲರೊಡನೆ ಮುಳುಗಿತು. ಆ ದುರಂತದಿಂದ ಉಳಿದದ್ದು ಒಂದು ಕೊಂಡಿ. ಒಳಬಾಗಿಲು ಒಮ್ಮೆಗೇ ತೆರೆಯದೆ ಮೊದಲು ಸ್ವಲ್ಪವೇ ಸಡಿಲಗೊಂಡು, ಹಿಂದೆ ನೀರಿದ್ದರೆ ತಿಳಿಯುವಂತೆ ಮಾಡುವ ಸಾಧನವದು. ನಾವಿಕರು ಅದನ್ನು ‘ಥೀಟಿಸ್ ಕೊಂಡಿ’ ಎಂದೇ ಕರೆದರು.

ನಮ್ಮ ಕಸಬಿನಲ್ಲಿಯೂ ಒಂದು ಪುಟ್ಟ ರಂಧ್ರವುಂಟು; ಅದನ್ನು ಸೊನ್ನೆ ಎನ್ನುತ್ತೇವೆ. ಒಂದು ಸೊನ್ನೆ ಹೆಚ್ಚಾದರೆ ‘ಮಗ’ ‘ಮಂಗ’ನಾಗುತ್ತಾನೆ, ತರಗತಿ ನಗುತ್ತದೆ, ಅಷ್ಟಕ್ಕೆ ಮುಗಿಯಿತು. ನಮ್ಮ ತಪ್ಪಿಗೆ ನಗೆಯೇ ದಂಡವಾಗಿರುವುದು ನಮ್ಮ ಪುಣ್ಯ. ಆ ದಂಡ ಹಗುರವೆಂಬ ಕಾರಣದಿಂದಲೇ ಎಷ್ಟೋ ಸೊನ್ನೆಗಳನ್ನು ನಾನು ನೋಡಿಯೂ ನೋಡದವನಂತೆ ಬಿಟ್ಟಿದ್ದೇನೆ. ಆ ನಿವೃತ್ತ ನಾವಿಕರಾದರೋ, ಮೂವತ್ತೊಂದು ವರ್ಷ ದುಡಿದು ಈಗ ದಡದ ಮೇಲಿರುವ ನೌಕೆಯ ಕೊಳವೆಯ ಬಾಗಿಲನ್ನು ನಮಗೆ ತೋರಿಸಿ ಮುಗಿಸಿದ ಮೇಲೆ, ಹಿಂದಕ್ಕೆ ಬಂದು, ಅದರ ಹಿಡಿಕೆಯನ್ನು ಒಮ್ಮೆ ಒತ್ತಿ ನೋಡಿಯೇ ಹೊರಟರು.