ರೋಗಾಣುವಿನ ಪಂಪಿಗೆ ಕಟ್ಟಿದ ಜೋಡಿ ಅಯಸ್ಕಾಂತ

ಕೆಚ್ಚಲು ಬಾವಿಗೆ ಔಷಧ ಕೊಟ್ಟರೂ ಬಾವು ಇಳಿಯದೆ ಹೈರಾಣಾದ ಅನುಭವ ನಮ್ಮ ಅನೇಕ ಸದಸ್ಯೆಯರಿಗೆ ಇದೆ. ಕಾರಣಗಳು ಹಲವು. ಅದರಲ್ಲೊಂದು ರೋಗಾಣುವಿನ ಪೊರೆಯಲ್ಲೇ ಕೂತಿದೆ. ಕೆಚ್ಚಲು ಬಾವು ತರುವ ರೋಗಾಣುಗಳಲ್ಲಿ ಒಂದಾದ ಇ. ಕೋಲೈ, ಒಳಗೆ ಬಂದ ಔಷಧವನ್ನು ಹೊರಕ್ಕೆ ಎತ್ತಿಹಾಕುವ ಪಂಪುಗಳನ್ನು ಇಟ್ಟುಕೊಂಡಿರುತ್ತದೆ. ಎಂಡಿಎಫ್‌ಎ ಅಂಥ ಒಂದು ಪಂಪು.

ಅದು ಪ್ರೋಟೀನಿನಿಂದಾದದ್ದು. ಪ್ರೋಟೀನು ಎಂದರೆ ನಮಗೆ ಪನೀರು ನೆನಪಾಗುತ್ತದೆ, ಆದರೆ ಇದು ಆಹಾರವಲ್ಲ, ಯಂತ್ರ. ಒಳಬದಿಗೆ ಬಾಯಿ ತೆರೆದು ಔಷಧ ಹಿಡಿಯುತ್ತದೆ, ಆಮೇಲೆ ಒಳಬಾಯಿ ಮುಚ್ಚಿ ಹೊರಬಾಯಿ ತೆರೆಯುತ್ತದೆ. ಇದಕ್ಕೆ ಅಡ್ಡಗಾಲು ಹಾಕಬೇಕಾದರೆ ಯಾವ ಭಾಗ ಎಷ್ಟು ದೂರ ಸರಿಯುತ್ತದೆ ಎಂಬುದು ತಿಳಿಯಬೇಕು. ಆ ದೂರವೋ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೋಮೀಟರ್!

ವಿಜ್ಞಾನಿಗಳು ಪ್ರೋಟೀನಿನ ಎರಡು ಜಾಗಗಳಲ್ಲಿ ಗ್ಯಾಡೊಲಿನಿಯಂ ಎಂಬ ಲೋಹದ ಒಂದೊಂದು ಕಣ ಕಟ್ಟುತ್ತಾರೆ. ಎಂಆರ್‌ಐ ಸ್ಕ್ಯಾನಿಗೆ ಮುಂಚೆ ಕೆಲವರಿಗೆ ಚುಚ್ಚುವ ಮದ್ದಿನಲ್ಲಿರುವುದೂ ಇದೇ ಲೋಹ. ಪ್ರತಿ ಕಣವೂ ಪುಟ್ಟ ಅಯಸ್ಕಾಂತ. ಮೈಕ್ರೋವೇವ್ ತರಂಗದಿಂದ ಒಂದನ್ನು ತಿರುಗಿಸಿದರೆ ಇನ್ನೊಂದಕ್ಕೆ ಅದರ ಸೆಳೆತದ ಬದಲಾವಣೆ ತಟ್ಟುತ್ತದೆ. ನಡುವಿನ ದೂರ ಎರಡು ಪಟ್ಟಾದರೆ ಈ ಪ್ರಭಾವ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಪ್ರಭಾವ ಅಳೆದರೆ ದೂರ ಸಿಕ್ಕಿತು.

ಅಳೆಯುವಾಗ ಪ್ರೋಟೀನು ಮಿಸುಕಬಾರದು. ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿ ಇಡುವ ದ್ರವ ಸಾರಜನಕದ ಡಬ್ಬ ನೀವು ನೋಡಿದ್ದೀರಿ, ಅದರ ಚಳಿ ಮೈನಸ್ 196 ಡಿಗ್ರಿ. ಇಲ್ಲಿ ಹೀಲಿಯಂ ಬಳಸಿ ಮೈನಸ್ 263ರ ಆಸುಪಾಸಿಗೆ ಇಳಿಸುತ್ತಾರೆ. ಕೋಟ್ಯಂತರ ಪಂಪುಗಳು ಇದ್ದ ಭಂಗಿಯಲ್ಲೇ ಹೆಪ್ಪುಗಟ್ಟುತ್ತವೆ, ಕೆಲವು ತೆರೆದು, ಕೆಲವು ಮುಚ್ಚಿ. ಯಾವ ಭಂಗಿಯವು ಹೆಚ್ಚು ಎಂಬುದೂ ಗೊತ್ತಾಗುತ್ತದೆ. ನನಗೆ ಇದೇ ಈ ವಿಧಾನದ ದೊಡ್ಡ ಗುಣ ಅನ್ನಿಸುತ್ತದೆ. ಕಟ್ಟಿದ ಲೋಹವೇ ಪಂಪಿನ ಕೆಲಸ ಕೆಡಿಸಿಲ್ಲ ಎಂದು ಪರೀಕ್ಷಿಸುವುದಂತೂ ಕಡ್ಡಾಯ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಡೇನಿಯೆಲ್ಲಾ ಗೋಲ್ಡ್‌ಫಾರ್ಬ್ ಈ ಗ್ಯಾಡೊಲಿನಿಯಂ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. ಅವರೂ ಸಂಗಡಿಗರೂ ಎಂಡಿಎಫ್‌ಎ ಪಂಪನ್ನು ಹೀಗೆ ಅಳೆದು 2019ರಲ್ಲಿ ಪ್ರಕಟಿಸಿದರು. ಹಳೆಯ ಬಗೆಯ ಗುರುತುಗಳು ಜೀವಕೋಶದೊಳಗೆ ಬೇಗ ಕೆಡುತ್ತವೆ. ಗ್ಯಾಡೊಲಿನಿಯಂ ತಡೆದುಕೊಳ್ಳುವುದರಿಂದ ಕೋಶದೊಳಗೇ ಅಳೆಯಲೂ ಬರುತ್ತದೆ.

ಪಂಪನ್ನು ಕಟ್ಟಿಹಾಕುವ ಔಷಧ ನಮ್ಮ ಪಶುವೈದ್ಯರ ಕೈಗೆ ಇನ್ನೂ ಬಂದಿಲ್ಲ. ಬಾವು ಮರುಕಳಿಸುತ್ತಿದ್ದರೆ ಯಾವ ಔಷಧ ನಾಟುತ್ತದೆಂದು ಪ್ರಯೋಗಾಲಯದಲ್ಲಿ ನೋಡಿಸಬಹುದು. ಹಾಲಿನ ಮಾದರಿಯನ್ನು ಮಾತ್ರ ಔಷಧ ಶುರುಮಾಡುವ ಮೊದಲೇ ತೆಗೆಯಿರಿ, ಆಮೇಲೆ ತೆಗೆದರೆ ರೋಗಾಣು ಸಿಗದೇ ಹೋಗಬಹುದು.