ರೆಕ್ಕೆ ಬಿಚ್ಚುವ ಕಲಾಮಂದಿರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಶಿಗನ್ ಸರೋವರದ ದಡದಲ್ಲಿ, ಮಿಲ್ವಾಕೀ ಎಂಬ ಊರಿದೆ. ಮಗಳ ಮನೆಗೆಂದು ಆ ಕಡೆಗೆ ಹೋಗಿದ್ದಾಗ ಅಲ್ಲಿಯ ಕಲಾಸಂಗ್ರಹಾಲಯವನ್ನು ನೋಡಿಬಂದೆ. ನೋಡಿದೆನೆನ್ನುವುದಕ್ಕಿಂತ, ಅದು ರೆಕ್ಕೆ ಬಡಿಯುವುದನ್ನು ಕಾದು ನಿಂತಿದ್ದೆ ಎಂದರೆ ಸರಿಯಾದೀತು. ಕಟ್ಟಡದ ನೆತ್ತಿಯ ಮೇಲೆ ಉಕ್ಕಿನ ಎರಡು ರೆಕ್ಕೆಗಳಿವೆ. ತುದಿಯಿಂದ ತುದಿಗೆ 217 ಅಡಿ. ಬೆಳಿಗ್ಗೆ ಬಾಗಿಲು ತೆರೆದಾಗ ಅವು ಬಿಚ್ಚಿಕೊಳ್ಳುತ್ತವೆ, ನಡುಹಗಲಿಗೆ ಒಮ್ಮೆ ಮಡಿಸಿ ಮತ್ತೆ ಹರಡುತ್ತವೆ, ಸಂಜೆ ಮುಚ್ಚಿಕೊಳ್ಳುತ್ತವೆ. ಗಾಳಿಯ ವೇಗ ಗಂಟೆಗೆ 23 ಮೈಲಿಯನ್ನು ಮೀರಿದರೆ ತಾವಾಗಿಯೇ ಮಡಿಸಿಕೊಳ್ಳುವ ಏರ್ಪಾಡೂ ಉಂಟು. ನೀರಿನ ನೀಲಿಯ ಎದುರು ಆ ಬಿಳಿಯ ಹಕ್ಕಿಯನ್ನು ಕಂಡು ನಾನೂ ಬೆರಗಾದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಹೇಳುವುದನ್ನು ಸೌಂದರ್ಯದ್ವೇಷಿಯೊಬ್ಬನ ಮಾತೆಂದು ಕೇಳುಗರು ಎಣಿಸಬಾರದು.

ಮಿಲ್ವಾಕೀ ಯಂತ್ರಗಳನ್ನೂ ಬೀರನ್ನೂ ತಯಾರಿಸಿ ಬಾಳಿದ ಊರು. 1960ರಲ್ಲಿ ಅಲ್ಲಿಯ ಜನಸಂಖ್ಯೆ ಏಳು ಲಕ್ಷ ನಲವತ್ತು ಸಾವಿರ. 2020ರ ಗಣತಿಯಲ್ಲಿ ಐದು ಲಕ್ಷ ಎಪ್ಪತ್ತೇಳು ಸಾವಿರ. ಕಾರ್ಖಾನೆಗಳು ಮುಚ್ಚಿದವು, ಉಳ್ಳವರು ಹೊರವಲಯಗಳಿಗೆ ಸರಿದರು, ನಡುಪೇಟೆ ಬಡವಾಯಿತು. ಇಂಥ ಊರಿಗೆ ಜೀವ ತುಂಬಬೇಕೆಂಬ ಹಂಬಲದಿಂದ, 1957ರಲ್ಲಿ ಈರೋ ಸಾರಿನೆನ್ ಕಟ್ಟಿದ್ದ ಸ್ಮಾರಕಭವನದ ಮಗ್ಗುಲಿಗೆ, ಸ್ಪೇನಿನ ವಾಸ್ತುಶಿಲ್ಪಿ ಸಾಂಟಿಯಾಗೋ ಕಾಲಟ್ರಾವಾನಿಂದ ಹೊಸ ಮಂಟಪವೊಂದನ್ನು ಕಟ್ಟಿಸಿದರು. ಅದು 2001ರಲ್ಲಿ ತೆರೆಯಿತು. ಮೊದಲ ಅಂದಾಜು ಸುಮಾರು ಮೂರೂವರೆ ಕೋಟಿ ಡಾಲರು; ಮುಗಿಯುವ ವೇಳೆಗೆ ಹನ್ನೆರಡು ಕೋಟಿ ಮೀರಿತ್ತು. ಹೆಗಲೇರಿದ ಸಾಲವನ್ನು ಇಳಿಸಲು ಊರಿನ ದಾನಿಗಳು ಮತ್ತೊಮ್ಮೆ ಕೈಚೀಲ ಬಿಚ್ಚಬೇಕಾಯಿತು.

ಆ ಊರಿನಲ್ಲಿ ಅಂಥ ದಾನಿಗಳಿದ್ದರು, ಸಂಸ್ಥೆ ಉಳಿಯಿತು. ಆದರೆ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಅಲ್ಲಿ ಮಂಟಪಕ್ಕೆ ಒಂದು ದಾನಿ ಕುಟುಂಬದ ಹೆಸರು, ರೆಕ್ಕೆಗೆ ಇನ್ನೊಂದರದು, ರಸ್ತೆಯಿಂದ ಬರುವ ಕಾಲುಸೇತುವೆಗೆ ಮತ್ತೊಂದರದು. ಚಾವಣಿಯ ಸೋರಿಕೆ ಕಟ್ಟುವ ಕೆಲಸಕ್ಕೆ ಯಾರ ಹೆಸರನ್ನಿಡಲು ಬಂದೀತು? ಹಕ್ಕಿ ಹಾರಾಡುತ್ತಿದ್ದ ಕಾಲದಲ್ಲಿಯೇ, ಚಿತ್ರಗಳು ನಿಜವಾಗಿ ತೂಗಿದ್ದ ಹಳೆಯ ಭಾಗಗಳಲ್ಲಿ ನೀರು ಜಿನುಗುತ್ತಿತ್ತು. ಅವುಗಳನ್ನು ದುರಸ್ತಿಮಾಡಿ 2015ರ ನವೆಂಬರಿನಲ್ಲಿ ಮತ್ತೆ ತೆರೆಯಲು ಇನ್ನೂ ಮೂರು ಕೋಟಿ ನಲವತ್ತು ಲಕ್ಷ ಡಾಲರು ಬೇಕಾಯಿತು. ಆ ರಾಜ್ಯದಲ್ಲಿಯೇ ಹುಟ್ಟಿದ ಜಾರ್ಜಿಯಾ ಓಕೀಫ್ ಎಂಬ ಮಹಾಚಿತ್ರಗಾರ್ತಿಯ ಕೃತಿಗಳ ಒಳ್ಳೆಯ ಸಂಗ್ರಹ ಅಲ್ಲಿದೆ. ರೆಕ್ಕೆಯ ಫೋಟೋ ತೆಗೆದುಕೊಂಡು ಹೊರಗಿನಿಂದಲೇ ಹಿಂದಿರುಗಿದವರನ್ನೂ ನಾನು ಅಲ್ಲಿ ಕಂಡೆ. ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವಳ ಉದಾಹರಣೆ ಕೊಟ್ಟು ಔಚಿತ್ಯವನ್ನು ವಿವರಿಸಿದ ಕ್ಷೇಮೇಂದ್ರನು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ.

ಊರೂರಿಗೆ ಈ ಹಂಬಲ ಹತ್ತಿದ್ದರ ಮೂಲ ಸ್ಪೇನಿನ ಬಿಲ್ಬಾವೋದಲ್ಲಿದೆ. 1997ರಲ್ಲಿ ಅಲ್ಲಿ ಫ್ರ್ಯಾಂಕ್ ಗೆರಿ ರೂಪಿಸಿದ ಗುಗ್ಗೆನ್‌ಹೈಮ್ ಕಲಾಮಂದಿರ ತೆರೆಯಿತು. ಮೊದಲ ವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಹಡಗುಕಟ್ಟೆಗಳು ಹಾಳುಬಿದ್ದಿದ್ದ ಊರು ಒಂದು ಕಟ್ಟಡದಿಂದ ಎದ್ದು ಕುಳಿತಿತು ಎಂಬ ಕಥೆ ಲೋಕವನ್ನೆಲ್ಲ ಸುತ್ತಿತು. ಕಥೆ ಹೇಳಿದವರು ಅರ್ಧವನ್ನು ಬಿಟ್ಟಿದ್ದರು. ಬಿಲ್ಬಾವೋ ತನ್ನ ಕೊಳೆತ ನದಿಯನ್ನು ವರ್ಷಾನುಗಟ್ಟಲೆ ಶುದ್ಧಿಮಾಡಿತ್ತು. 1995ರಲ್ಲಿಯೇ ಸುರಂಗರೈಲನ್ನು ತಂದಿತ್ತು. ಬಂದರನ್ನು ಊರಿನ ಹೊರಕ್ಕೆ, ಕಡಲ ಕಡೆಗೆ ಸರಿಸಿತ್ತು. ಹಣ ಹಾಕಿದ್ದು ಅಲ್ಲಿಯ ಬಾಸ್ಕ್ ಸರ್ಕಾರ. ಇದೆಲ್ಲವನ್ನೂ ಮರೆತು ಮೇಲಿನ ತಗಡಿನ ಹೊಳಪನ್ನು ಮಾತ್ರ ಇತರರು ಅನುಕರಿಸಹೊರಟರು. ಅಮೆರಿಕದಲ್ಲಿ 1994ರಿಂದ 2008ರವರೆಗೆ ಎದ್ದ ಕಲಾಭವನಗಳನ್ನು ಕುರಿತು ಶಿಕಾಗೋ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನವು 2012ರಲ್ಲಿ ಹೊರಬಂತು; ಅವರು ಪರಿಶೀಲಿಸಿದವುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಅಂದಾಜನ್ನು ಮೀರಿದ್ದವು.

ಕಟ್ಟುವ ಖರ್ಚು ಒಂದು ಸಲದ್ದು. ಚಿತ್ರವೆಂಬುದು ಹಸುಗೂಸಿನಂತೆ, ಸೆಕೆಯಾದರೂ ಕೆಡುತ್ತದೆ, ತೇವವಾದರೂ ಕೆಡುತ್ತದೆ. ಹಗಲಿರುಳು ಒಂದೇ ಹದದ ಹವೆ ಬೇಕು, ಕಾವಲುಗಾರರು ಬೇಕು, ವಿಮೆ ಬೇಕು. ಅಂಗಳ ಎರಡರಷ್ಟಾದರೆ ಈ ಖರ್ಚೂ ಅದರ ಬೆನ್ನುಹತ್ತುತ್ತದೆ. ಟಿಕೆಟ್ಟಿನ ಹಣದಿಂದ ಅದು ಸರಿದೂಗುವುದು ಅಪರೂಪ. ಉಳಿದದ್ದು ಪುದುವಟ್ಟಿನ ಬಡ್ಡಿಯಿಂದಲೋ ವರ್ಷವರ್ಷದ ದಾನದಿಂದಲೋ ಬರಬೇಕು. ಕಟ್ಟಡಕ್ಕೆಂದು ಒಮ್ಮೆ ಹಿಂಡಿದ ದಾನಿಯನ್ನು ಮರುವರ್ಷ ವಿದ್ಯುತ್ತಿನ ಬಿಲ್ಲಿಗಾಗಿ ಹಿಂಡುವುದು ಸುಲಭವಲ್ಲ.

ಹಿಂಡಲು ಅಂಥವರೇ ಇಲ್ಲದ ಊರಿನಲ್ಲಿ ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಸಾಕ್ಷಿ. ಸುತ್ತ ದ್ರಾಕ್ಷಿ, ಬಾದಾಮಿಯ ತೋಟಗಳು. ನಡುವೆ ಸೊರಗಿದ ಪೇಟೆ. ಪೇಟೆಯನ್ನು ಕಲೆಯಿಂದ ಎಬ್ಬಿಸುವ ಪ್ರಯತ್ನ ಅಲ್ಲಿಗೆ ಹೊಸದೂ ಆಗಿರಲಿಲ್ಲ. 1964ರಲ್ಲಿಯೇ ಫುಲ್ಟನ್ ಬೀದಿಯಿಂದ ಕಾರುಗಳನ್ನು ಹೊರಹಾಕಿ, ಮರ ನೆಟ್ಟು, ಕಾರಂಜಿಗಳನ್ನೂ ಶಿಲ್ಪಗಳನ್ನೂ ಇಟ್ಟು ನಡೆದಾಡುವವರಿಗೆ ಬಿಟ್ಟುಕೊಟ್ಟಿದ್ದರು. ರೆನ್ವಾರನ ಒಂದು ಶಿಲ್ಪವೂ ಅಲ್ಲಿತ್ತು. ಕೊಳ್ಳುವವರು ಮಾತ್ರ ಹೊರವಲಯದ ಅಂಗಡಿಗಳಿಗೆ ಹೋದರು. 2017ರಲ್ಲಿ ಆ ಬೀದಿಗೆ ಕಾರುಗಳನ್ನು ಮರಳಿ ಬಿಟ್ಟುಕೊಂಡರು.

ಇದೇ ಊರಿನಲ್ಲಿ, 1922ರ ಪತ್ರಿಕಾಕಚೇರಿಯೊಂದರ ಹಳೆಯ ಕಟ್ಟಡದಲ್ಲಿ, 1984ರಿಂದ ಕಲೆ ಮತ್ತು ವಿಜ್ಞಾನಗಳ ಸಂಗ್ರಹಾಲಯವೊಂದು ನಡೆಯುತ್ತಿತ್ತು. ದೊಡ್ಡದೇನಲ್ಲ. ಆನ್ಸೆಲ್ ಆಡಮ್ಸ್ ತೆಗೆದ ಛಾಯಾಚಿತ್ರಗಳಿದ್ದವು. ಹಣ್ಣು, ಹೂಜಿಗಳನ್ನು ಬರೆದ ಹಳೆಯ ನಿಶ್ಚಲಚಿತ್ರಗಳಿದ್ದವು. 2005ರಲ್ಲಿ ಅದನ್ನು ಮುಚ್ಚಿ ಭಾರಿ ನವೀಕರಣಕ್ಕೆ ಕೈಹಾಕಿದರು. ಖರ್ಚು ಏರಿತು, ಒಂದೂವರೆ ಕೋಟಿ ಡಾಲರಿನ ಸಾಲಕ್ಕೆ ನಗರಸಭೆಯೇ ಜಾಮೀನು ನಿಂತಿತು. ಮತ್ತೆ ಬಾಗಿಲು ತೆರೆದದ್ದು 2008ರ ನವೆಂಬರಿನಲ್ಲಿ. ಆ ವರ್ಷ ಅಮೆರಿಕದ ಬ್ಯಾಂಕುಗಳ ಗತಿ ಏನಾಯಿತೆಂಬುದು ಕೇಳುಗರಿಗೆ ನೆನಪಿರಬಹುದು. 2010ರ ಜನವರಿಯಲ್ಲಿ ಸಂಸ್ಥೆ ಶಾಶ್ವತವಾಗಿ ಮುಚ್ಚಿತು. ಕಟ್ಟಡವೂ ಸಾಲವೂ ನಗರಸಭೆಯ ಪಾಲಿಗೆ ಬಂದವು. ಸಂಗ್ರಹ ಮಾರಾಟವಾಗಿ ಚದುರಿಹೋಯಿತು. ಕೆಟ್ಟ ಕಾಲ ಬಂದದ್ದು ಯಾರ ತಪ್ಪೂ ಅಲ್ಲ, ನಿಜ. ಆದರೆ ಹಳೆಯ ಕಟ್ಟಡದಲ್ಲಿ ಇಪ್ಪತ್ತು ವರ್ಷ ಹೇಗೋ ಬಾಳಿದ ಸಂಸ್ಥೆ ಹೊಸದರಲ್ಲಿ ಹದಿನಾಲ್ಕು ತಿಂಗಳು ಬಾಳಿತು. ಈ ಲೆಕ್ಕ ಓದಿದಾಗ ಚಿತ್ರ ನೋಡಲು ಬರುತ್ತಿದ್ದ ಆ ಊರಿನ ಮಕ್ಕಳ ನೆನಪಾಗಿ ಸಂಕಟವಾಯಿತು. ಪೇಟೆಯನ್ನು ಉಳಿಸಲೆಂದು ಪಣಕ್ಕೊಡ್ಡಿದ್ದು ಅವರ ಪಾಲಿನ ಚಿತ್ರಗಳನ್ನು.

ಹಾಗಾದರೆ ಸೊರಗಿದ ಊರಿಗೆ ಕಲಾಮಂದಿರವೇ ಬೇಡವೆ? ಡೆಟ್ರಾಯಿಟ್ ಈ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಎದುರಿಸಿತು. ಅಲ್ಲಿಯ ಕಲಾಸಂಸ್ಥೆಯೂ 2007ರಲ್ಲಿ ಸುಮಾರು ಹದಿನಾರು ಕೋಟಿ ಡಾಲರು ವೆಚ್ಚಮಾಡಿ ಬೆಳೆದಿತ್ತು. 2009ರಲ್ಲಿ ಸಿಬ್ಬಂದಿಯನ್ನು ಮನೆಗೆ ಕಳಿಸಬೇಕಾಯಿತು. 2013ರಲ್ಲಿ ನಗರವೇ ದಿವಾಳಿಯಾದಾಗ ಅಲ್ಲಿಯ ಚಿತ್ರಗಳಿಗೆ ಬೆಲೆ ಕಟ್ಟುವವರು ಬಂದರು. ಅವುಗಳನ್ನು ಉಳಿಸಲು ಪ್ರತಿಷ್ಠಾನಗಳೂ ರಾಜ್ಯ ಸರ್ಕಾರವೂ ಮುಂದಾದವು. ಆದರೆ ಅದಕ್ಕೂ ಮೊದಲೇ, 2012ರಲ್ಲಿ, ಸುತ್ತಲಿನ ಮೂರು ಕೌಂಟಿಗಳ ಮತದಾರರು ಕಲಾಸಂಸ್ಥೆಯ ನಿತ್ಯದ ಖರ್ಚಿಗೆಂದೇ ಮನೆಗಂದಾಯದ ಜೊತೆ ಸಣ್ಣ ತೆರಿಗೆಯೊಂದನ್ನು ಒಪ್ಪಿದ್ದರು. ಒಂದೂವರೆ ಲಕ್ಷ ಡಾಲರು ಬೆಲೆಬಾಳುವ ಮನೆಗೆ ವರ್ಷಕ್ಕೆ ಹದಿನೈದು ಡಾಲರು. ಅದಕ್ಕೆ ಪ್ರತಿಯಾಗಿ ಆ ಮೂರು ಕೌಂಟಿಯವರಿಗೆ ಪ್ರವೇಶ ಉಚಿತ. ಶಾಲೆಯ ಮಕ್ಕಳನ್ನು ಕರೆತರುವ ಬಸ್ಸಿನ ಖರ್ಚೂ ಅದರಲ್ಲಿಯೇ. ಬಸ್ಸಿನಿಂದಿಳಿದ ಮಕ್ಕಳು ಒಳಾಂಗಣದಲ್ಲಿ ಕಾಣುವುದು, ಡಿಯೆಗೋ ರಿವೇರಾ 1932–33ರಲ್ಲಿ ಬರೆದ 27 ಭಿತ್ತಿಚಿತ್ರಗಳನ್ನು. ಅವುಗಳಲ್ಲಿರುವವರು ಮೋಟಾರು ಕಾರ್ಖಾನೆಯಲ್ಲಿ ಬೆವರು ಸುರಿಸುತ್ತಿರುವ ಅದೇ ಊರಿನ ಕೆಲಸಗಾರರು.