ಜೇನು ಪೆಟ್ಟಿಗೆ: ಲೆಕ್ಕಕ್ಕೆ ಬಾರದ ಬಂಡವಾಳ

ಆಲ್ದೂರು ಸುತ್ತಲಿನ ತೋಟಗಳಲ್ಲಿ ಹೂಮಳೆಯಾದ ಕೆಲವೇ ದಿನಗಳಲ್ಲಿ ಕಾಫಿ ಅರಳುತ್ತದೆ. ಅರೇಬಿಕಾ ಸ್ವಂತ ಪರಾಗದಿಂದಲೇ ಕಾಯಿಕಟ್ಟಬಲ್ಲದು. ರೋಬಸ್ಟಾಕ್ಕೆ ಬೇರೊಂದು ಗಿಡದ ಪರಾಗ ಬೇಕು. ಅದನ್ನು ತಲುಪಿಸುವುದು ಗಾಳಿ ಮತ್ತು ಜೇನ್ನೊಣ. ಆದುದರಿಂದ ಪೆಟ್ಟಿಗೆಯ ಆದಾಯವನ್ನು ತುಪ್ಪದ ಮಾರಾಟದಿಂದ ಮಾತ್ರ ಅಳೆಯುವುದು ಅಪೂರ್ಣ ಲೆಕ್ಕವಾಗುತ್ತದೆ.

ಈ ಬಂಡವಾಳ ಎಷ್ಟು ಬೇಗ ಕರಗಬಲ್ಲದೆಂಬುದಕ್ಕೆ 1991-92ರ ಅನುಭವವೇ ಸಾಕ್ಷಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಹರಡಿ ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ರೋಗ ತಗುಲಿದ ಮರಿಹುಳು ಕೋಶಾವಸ್ಥೆಗೆ ಹೋಗುವ ಮುನ್ನವೇ ಸತ್ತು, ನೀರು ತುಂಬಿದ ಚೀಲದಂತಾಗುತ್ತದೆ. ಇದನ್ನು ಗುಣಪಡಿಸುವ ಔಷಧಿಯಿಲ್ಲ. ರೋಗದ ಎರಿಗಳನ್ನು ತೆಗೆದು ನಾಶಪಡಿಸುವುದು, ಕುಟುಂಬವನ್ನು ಪ್ರತ್ಯೇಕಿಸುವುದು, ರೋಗವನ್ನು ತಾಳಿ ಉಳಿದ ಕುಟುಂಬಗಳಿಂದಲೇ ಸಂತತಿ ಬೆಳೆಸುವುದು ಇವಷ್ಟೇ ಉಪಾಯ.

ಮಲೆನಾಡಿನ ಮಳೆಗಾಲದಲ್ಲಿ ಹೂವಿಲ್ಲದೆ ಕುಟುಂಬ ಸೊರಗುತ್ತದೆ. ಆಗ ನೊಣಗಳು ಆವರಿಸದ ಎರಿಯಲ್ಲಿ ಮೇಣದ ಪತಂಗ ಮೊಟ್ಟೆಯಿಡುತ್ತದೆ. ಅದರ ಹುಳು ಎರಿಯನ್ನು ಕೊರೆದು ಬಲೆ ನೇಯುತ್ತದೆ. ಖಾಲಿ ಎರಿ ತೆಗೆಯುವುದು, ಅಡಿಹಲಗೆ ಗುಡಿಸುವುದು, ಸಂಜೆ ಸಕ್ಕರೆ ಪಾಕ ಕೊಡುವುದು, ಇರುವೆ ಹತ್ತದಂತೆ ಕಾಲುಗಳಿಗೆ ನೀರಿನ ಬಟ್ಟಲಿಡುವುದು ಅಲ್ಪ ಖರ್ಚಿನ ಕೆಲಸಗಳು.

ವರ್ತಕರು ಗಮನಿಸಬೇಕಾದುದು ಇನ್ನೊಂದಿದೆ. ಕುಟುಂಬ ಅಥವಾ ಬಳಸಿದ ಪೆಟ್ಟಿಗೆ ಕೈ ಬದಲಾದಾಗ ರೋಗವೂ ಜೊತೆಗೆ ಬರಬಹುದು. ಎರಿಗಳನ್ನು ಎತ್ತಿ ನೋಡದೆ ಹಣ ಕೊಡಬಾರದು; ಹೊಸದನ್ನು ಕೆಲಕಾಲ ದೂರವಿಟ್ಟು ನೋಡಿದ ನಂತರವೇ ಹಳೆಯದರ ಸಾಲಿಗೆ ಸೇರಿಸಬೇಕು. ಔಷಧಿಯಿಲ್ಲದ ರೋಗಕ್ಕೆ ತಪಾಸಣೆಯೇ ವಿಮೆ.